ಎಳೆಗೂಸಿನ ನೋವು ಯಾರ ಲೆಕ್ಕಕ್ಕೆ? ವೈಷಮ್ಯ-ನೈರ್ಘೃಣ್ಯ ಸೂತ್ರದ ಸುತ್ತ

ಅರೆಓದು:
ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದಲ್ಲಿ ‘ವೈಷಮ್ಯನೈರ್ಘೃಣ್ಯೇ ನ ಸಾಪೇಕ್ಷತ್ವಾತ್ ತಥಾ ಹಿ ದರ್ಶಯತಿ’ ಎಂಬ ಸೂತ್ರವಿದೆ (2.1.34). ದೇವರಿಗೆ ಪಕ್ಷಪಾತವೂ ಇಲ್ಲ, ಕ್ರೌರ್ಯವೂ ಇಲ್ಲ, ಜೀವಿಗಳ ಕರ್ಮವನ್ನು ನೋಡಿಕೊಂಡೇ ಅವನು ಸೃಷ್ಟಿ ಮಾಡುತ್ತಾನೆ ಎಂದು ಅದರ ತಾತ್ಪರ್ಯ. ನನ್ನ ತೊಡಕು ಇಷ್ಟು. ಎರಡು ತಿಂಗಳ ಕೂಸಿಗೆ ರಕ್ತದ ಕ್ಯಾನ್ಸರ್ ಬಂತು ಅನ್ನಿ. ಈ ಸೂತ್ರ ದೇವರನ್ನು ಕಟಕಟೆಯಿಂದ ಇಳಿಸುತ್ತದೆ, ಸರಿ. ಆದರೆ ಆ ಜಾಗಕ್ಕೆ ಕೂಸನ್ನು ಹತ್ತಿಸುತ್ತದಲ್ಲವೇ? ಇನ್ನೊಂದು ಮಾತು: ‘ಇದು ಕ್ರೈಸ್ತರ ತಲೆನೋವು, ಕರ್ಮ ಇರುವ ನಮಗೆ ಈ ಪ್ರಶ್ನೆಯೇ ಏಳುವುದಿಲ್ಲ’ ಎಂದು ಆಗಾಗ ಕೇಳಿಬರುತ್ತದೆ. ಮೂಲ ಓದಿದವರು ಹೇಳಿ. ಸ್ವಂತ ಅನುಭವದ ಕಥೆ ಬೇಡ, ಗ್ರಂಥ ಏನನ್ನುತ್ತದೆ ಎಂಬುದಷ್ಟೇ ಬೇಕು.

ಭಾಷ್ಯದಬೆನ್ನಿಗೆ:
ಎರಡನೆಯದಕ್ಕೆ ಮೊದಲು. ಪ್ರಶ್ನೆಯೇ ಏಳದಿದ್ದರೆ ಸೂತ್ರಕಾರರು ಅದಕ್ಕೆ ಒಂದು ಅಧಿಕರಣವನ್ನೇ (ಒಂದೇ ವಿಷಯ ಚರ್ಚಿಸುವ ಸೂತ್ರಗಳ ಗುಂಪು) ಯಾಕೆ ಮೀಸಲಿಡುತ್ತಿದ್ದರು? ವೈಷಮ್ಯ ಅಂದರೆ ಒಬ್ಬರಿಗೊಂದು ಮತ್ತೊಬ್ಬರಿಗೊಂದು ಮಾಡುವುದು. ನೈರ್ಘೃಣ್ಯ ಅಂದರೆ ಕನಿಕರವಿಲ್ಲದಿರುವುದು. ಶಂಕರಭಾಷ್ಯದ ಪೂರ್ವಪಕ್ಷ, ಅಂದರೆ ಎದುರಾಳಿಯ ಆಕ್ಷೇಪ, ಓದಿ, ಮೆದುವಾಗಿ ಇಟ್ಟಿಲ್ಲ. ದೇವತೆಗಳನ್ನು ಅತ್ಯಂತ ಸುಖಿಗಳಾಗಿ, ಪಶುಗಳನ್ನು ಅತ್ಯಂತ ದುಃಖಿಗಳಾಗಿ, ಮನುಷ್ಯರನ್ನು ನಡುವಿನವರಾಗಿ ಮಾಡಿದವನಿಗೆ ಪಾಮರರಂತೆ ರಾಗದ್ವೇಷ ಇದೆಯೆಂದಾಗುತ್ತದೆ. ದುಃಖ ಕೊಟ್ಟು ಕೊನೆಗೆ ಎಲ್ಲರನ್ನೂ ಸಂಹರಿಸುವುದರಿಂದ ದುಷ್ಟರೂ ಹೇಸುವಂಥ ಕ್ರೌರ್ಯ ಇದೆಯೆಂದಾಗುತ್ತದೆ. ಆರೋಪಪಟ್ಟಿ ಇದಕ್ಕಿಂತ ಖಾರವಾಗಿರಲು ಸಾಧ್ಯವಿಲ್ಲ.

ಇನ್ನು ಓದುವ ಕ್ರಮ. 34ನ್ನು ಮಾತ್ರ ಕಿತ್ತು ಓದುವುದೇ ಹೆಚ್ಚಿನವರು ಮಾಡುವ ತಪ್ಪು. ಹಿಂದಿನ 32, 33 ಓದಿಕೊಂಡು ಬನ್ನಿ. ದೇವರಿಗೆ ಸೃಷ್ಟಿಯಿಂದ ಆಗಬೇಕಾದ್ದು ಏನೂ ಇಲ್ಲವಲ್ಲ ಎಂಬ ಆಕ್ಷೇಪ, ‘ಲೋಕವತ್ತು ಲೀಲಾಕೈವಲ್ಯಮ್’ (ಲೋಕದಲ್ಲಿ ಕಾಣುವಂತೆ ಇದು ಬರೀ ಲೀಲೆ) ಎಂಬ ಉತ್ತರ. ‘ಲೀಲೆ’ ಅಂದ ಕೂಡಲೇ ‘ಹಾಗಾದರೆ ಈ ಗೋಳು ಯಾರ ಆಟ?’ ಎಂಬ ಪ್ರಶ್ನೆ ತಾನಾಗಿ ಬರುತ್ತದೆ, 34 ಅದಕ್ಕೆ ಉತ್ತರ. ಭಾಷ್ಯದ ದೃಷ್ಟಾಂತ ಮಳೆಯದು. ಭತ್ತಕ್ಕೂ ಜವೆಗೂ ಮಳೆ ಒಂದೇ. ಒಂದು ಭತ್ತವಾಗಿ ಇನ್ನೊಂದು ಜವೆಯಾಗಿ ಬೆಳೆಯುವುದಕ್ಕೆ ಬೀಜದೊಳಗಿನ ಶಕ್ತಿ ಕಾರಣ. ಈಶ್ವರ ಸಾಧಾರಣ ಕಾರಣ, ಕರ್ಮ ವಿಶೇಷ ಕಾರಣ. 35ರಲ್ಲಿ ಮತ್ತೆ ಆಕ್ಷೇಪ: ಸೃಷ್ಟಿಗೆ ಮುಂಚೆ ‘ಸದೇವ ಸೋಮ್ಯ’ ಎಂದು ಉಪನಿಷತ್ತು ಹೇಳುವಂತೆ ಸತ್ ಒಂದೇ ಇತ್ತಲ್ಲ, ಕರ್ಮ ಎಲ್ಲಿಂದ ಬಂತು? ಉತ್ತರ: ಸಂಸಾರ ಅನಾದಿ. 36 ಅದಕ್ಕೆ ಯುಕ್ತಿಯನ್ನೂ ಶ್ರುತಿಯನ್ನೂ ಒದಗಿಸುತ್ತದೆ. ಅಲ್ಲಿಗೂ ಮುಗಿಯುವುದಿಲ್ಲ, 2.3.41-42ಕ್ಕೆ ಹೋಗಿ (ಜೀವ ಮಾಡುವುದು ಸ್ವಂತವೋ, ದೇವರು ಮಾಡಿಸುವುದೋ?), ಅಲ್ಲಿಂದ 3.2.38-41ಕ್ಕೆ (ಫಲ ಕೊಡುವವರು ಯಾರು?). ಈ ಮೂರು ಜಾಗ ಸೇರಿದರೆ ಒಂದು ವಾದ. ಬಿಡಿಬಿಡಿಯಾಗಿ ಹಿಡಿದರೆ ಪ್ರತಿಯೊಂದೂ ಸೋರುತ್ತದೆ.

ಕಲ್ಲುಬಾಳೆ:
ಸೇರಿಸಿದರೂ ಸೋರುತ್ತದೆ ಸ್ವಾಮಿ. ಮಳೆಯ ದೃಷ್ಟಾಂತದಲ್ಲೇ ತೂತು ಇದೆ. ಮೋಡಕ್ಕೆ ತಾನು ಯಾವ ಹೊಲದ ಮೇಲೆ ಸುರಿಯುತ್ತಿದ್ದೇನೆಂದು ಗೊತ್ತಿಲ್ಲ, ಸುರಿಯದೆ ಇರುವ ಸ್ವಾತಂತ್ರ್ಯವೂ ಇಲ್ಲ. ಸರ್ವಜ್ಞನೂ ಸರ್ವಶಕ್ತನೂ ಆದವನನ್ನು ಅದಕ್ಕೆ ಹೋಲಿಸಿದರೆ ಅವನನ್ನು ಬಿಡುಗಡೆ ಮಾಡಿದ್ದು ಸರ್ವಜ್ಞತ್ವ ಕಿತ್ತುಕೊಂಡು. ಕರ್ಮವನ್ನು ಮೀರಲಾರ ಅಂದರೆ ಶಕ್ತಿಗೆ ಕೊರತೆ. ಮೀರಬಲ್ಲ ಆದರೆ ಮೀರುವುದಿಲ್ಲ ಅಂದರೆ ನೈರ್ಘೃಣ್ಯ ಬಾಗಿಲಲ್ಲೇ ನಿಂತಿದೆ.

ಅನಾದಿ ಅನ್ನುವುದು ಇನ್ನೂ ಜಾಣತನದ ಮಾತು. ಸಾಲಕ್ಕೆ ಹಿಂದಿನ ಸಾಲ ಕಾರಣ, ಅದಕ್ಕೆ ಅದರ ಹಿಂದಿನದು. ಒಂದೊಂದು ಕಂತಿಗೂ ಲೆಕ್ಕ ಸಿಕ್ಕಿತು, ಒಪ್ಪೋಣ. ಈ ಜೀವ ಸಾಲದ ಪುಸ್ತಕದೊಳಗೇ ಯಾಕೆ ಇದೆ ಎಂಬುದಕ್ಕೆ ಲೆಕ್ಕ ಸಿಗಲಿಲ್ಲ. ಮೀಮಾಂಸಕರಾದ (ವೇದದ ಕರ್ಮಭಾಗವನ್ನೇ ಮುಖ್ಯವಾಗಿ ವಿಚಾರಿಸುವ ಪಂಥದ) ಕುಮಾರಿಲ ಭಟ್ಟರು ಶ್ಲೋಕವಾರ್ತಿಕದಲ್ಲಿ ನೇರವಾಗಿ ಕೇಳುತ್ತಾರೆ: ಕರುಣೆಯಿಂದ ಸೃಷ್ಟಿಸಿದ ಅನ್ನುತ್ತೀರಿ, ಸೃಷ್ಟಿಗೆ ಮುಂಚೆ ಕರುಣೆಗೆ ಪಾತ್ರರಾದವರು ಯಾರಿದ್ದರು? ಕರುಣೆಯೇ ಪ್ರೇರಣೆಯಾಗಿದ್ದರೆ ಬರೀ ಒಳ್ಳೆಯದನ್ನೇ ಸೃಷ್ಟಿಸಬೇಕಿತ್ತಲ್ಲ? ಇದನ್ನು ಕೇಳಿದವರು ವೇದಪ್ರಾಮಾಣ್ಯವನ್ನು ಎದೆಗೊತ್ತಿಕೊಂಡವರು, ನಾಸ್ತಿಕರಲ್ಲ ಎಂಬುದು ನೆನಪಿರಲಿ. ಮೀಮಾಂಸಕರಿಗೆ ಕರ್ಮವೇ ‘ಅಪೂರ್ವ’ದ (ಕರ್ಮ ಮುಗಿದ ಮೇಲೂ ಫಲದವರೆಗೆ ಉಳಿಯುವ ಕಾಣದ ಶಕ್ತಿ) ಮೂಲಕ ಫಲ ಕೊಡುತ್ತದೆ, ನಡುವೆ ನ್ಯಾಯಾಧೀಶ ಬೇಕಿಲ್ಲ. 3.2.40ರಲ್ಲಿ ಮೀಮಾಂಸಾಸೂತ್ರಕಾರ ಜೈಮಿನಿಯ ಹೆಸರು ಬರುವುದೂ ಈ ಪಕ್ಷವನ್ನು ಹೇಳಲಿಕ್ಕೇ.

ಭಾಷ್ಯದಬೆನ್ನಿಗೆ:
ಕುಮಾರಿಲರ ಪ್ರಶ್ನೆ ನಾಟುವುದು ‘ಮೊದಲ ಸೃಷ್ಟಿ’ ಎಂದು ಒಂದನ್ನು ಒಪ್ಪಿದವರಿಗೆ. ವೇದಾಂತಿ ಅದನ್ನು ಒಪ್ಪುವುದಿಲ್ಲ. ‘ಸೂರ್ಯಾಚಂದ್ರಮಸೌ ಧಾತಾ ಯಥಾಪೂರ್ವಮಕಲ್ಪಯತ್’, ಅಂದರೆ ಸೂರ್ಯಚಂದ್ರರನ್ನು ಧಾತ (ಸೃಷ್ಟಿಕರ್ತ) ರೂಪಿಸಿದ್ದು ಮುಂಚೆ ಇದ್ದ ಹಾಗೆಯೇ. ಪ್ರತಿ ಕಲ್ಪಕ್ಕೂ ಮುಂಚೆ ಕರ್ಮ ಹೊತ್ತು ಮಲಗಿದ ಜೀವರು ಇದ್ದೇ ಇರುತ್ತಾರೆ.

ಅನಾದಿತ್ವಕ್ಕೆ ವಹಿಸಿರುವ ಕೆಲಸವೂ ಸಣ್ಣದು. ಸಂಸಾರಕ್ಕೆ ಒಂದು ಮೊದಲು ಇದೆ ಅಂದರೆ ಆ ಮೊದಲ ಜನ್ಮದಲ್ಲಿ ಮಾಡದ್ದಕ್ಕೆ ಫಲ ಬಂದಂತಾಗುತ್ತದೆ, ಶಾಸ್ತ್ರದ ಮಾತಿನಲ್ಲಿ ಅಕೃತಾಭ್ಯಾಗಮ. ಮುಕ್ತರಾದವರೂ ಮತ್ತೆ ಹುಟ್ಟಬಹುದು ಎಂದಾಗುತ್ತದೆ. ಈ ಎರಡು ದೋಷ ತಪ್ಪಿಸಲು ಅನಾದಿ ಬೇಕಾಯಿತು. ಸರಪಣಿಯೇ ಯಾಕಿದೆ ಎಂದರೆ ಅದ್ವೈತಿ ‘ಅವಿದ್ಯೆ’ ಅನ್ನುತ್ತಾನೆ, ಅದನ್ನು ವಾಸ್ತವವೆಂದು ಒಪ್ಪುವುದೇ ಇಲ್ಲ. ಅದು ಬೇರೆ ಜಗಳ.

ಕಲ್ಲುಬಾಳೆ:
ನೋವು ಅವಾಸ್ತವ ಅನ್ನುವುದು ಅಳುವ ಕೂಸಿಗೆ ಕೊಡುವ ಉತ್ತರ ಅಲ್ಲ. ಮುಂದಿನವರು ಬರಲಿ.

ಕೃಷ್ಣಾತೀರ:
ಶಂಕರ, ರಾಮಾನುಜ, ಮಧ್ವ, ಈ ಮೂವರು ಆಚಾರ್ಯರನ್ನು ಒಂದೇ ಚೀಲಕ್ಕೆ ತುಂಬಬೇಡಿ. ಶ್ರುತಿಪ್ರಮಾಣದಲ್ಲೇ ಒಂದು ಸಿಕ್ಕು ಇದೆ. 34ರ ಭಾಷ್ಯದಲ್ಲಿ ಶಂಕರರು ಉದ್ಧರಿಸುವುದು ಬೃಹದಾರಣ್ಯಕದ ‘ಪುಣ್ಯೋ ವೈ ಪುಣ್ಯೇನ ಕರ್ಮಣಾ ಭವತಿ ಪಾಪಃ ಪಾಪೇನ’ (ಪುಣ್ಯಕರ್ಮದಿಂದ ಪುಣ್ಯವಂತ, ಪಾಪಕರ್ಮದಿಂದ ಪಾಪಿ), ಇದು ಸಲೀಸು. ಜೊತೆಗೆ ಕೌಷೀತಕಿ ಉಪನಿಷತ್ತನ್ನೂ ತರುತ್ತಾರೆ: ಯಾರನ್ನು ಮೇಲೆತ್ತಬೇಕೆಂದಿದ್ದಾನೋ ಅವರಿಂದ ಒಳ್ಳೆಯ ಕೆಲಸ ಮಾಡಿಸುತ್ತಾನೆ, ಯಾರನ್ನು ಕೆಳಗಿಳಿಸಬೇಕೆಂದಿದ್ದಾನೋ ಅವರಿಂದ ಕೆಟ್ಟದ್ದನ್ನು ಮಾಡಿಸುತ್ತಾನೆ. ಮೇಲ್ನೋಟಕ್ಕೆ ಇದು ಪ್ರತಿವಾದಿಯ ಸಾಕ್ಷಿ! ಹಾಗಾಗಿ ಇದನ್ನು ‘ಹಿಂದಿನ ಕರ್ಮಕ್ಕೆ ತಕ್ಕಂತೆ ಮಾಡಿಸುತ್ತಾನೆ’ ಎಂದು ಬಿಡಿಸಿಕೊಳ್ಳಬೇಕಾಗುತ್ತದೆ.

ರಾಮಾನುಜರು 2.3.41ರಲ್ಲಿ ಬೇರೆ ದಾರಿ ಹಿಡಿಯುತ್ತಾರೆ, ಅದು ವಕೀಲರಿಗೆ ಹಿಡಿಸೀತು. ಇಬ್ಬರ ಜಂಟಿ ಸ್ವತ್ತು ಇದೆ ಅನ್ನಿ. ಒಬ್ಬನು ಮೂರನೆಯವನಿಗೆ ಅದನ್ನು ಕೊಡಬೇಕಾದರೆ ಇನ್ನೊಬ್ಬನ ಒಪ್ಪಿಗೆ ಬೇಕೇ ಬೇಕು. ಆದರೂ ಮುಂದಾಗಿ ಆ ಒಪ್ಪಿಗೆ ಪಡೆದವನಿಗೇ ಕೊಟ್ಟದ್ದರ ಫಲ ಸೇರುತ್ತದೆ. ದೇವರು ಹಾಗೆ ಅನುಮಂತಾ, ಅಂದರೆ ಒಪ್ಪಿಗೆ ಕೊಡುವವನು. ಮೊದಲ ಪ್ರಯತ್ನ ಜೀವನದು, ಅದನ್ನು ನೋಡಿ ಅವನು ಸಮ್ಮತಿ ಕೊಟ್ಟು ನಡೆಸುತ್ತಾನೆ. ಕೌಷೀತಕಿಯ ಮಾತು, ಭಗವಂತನಿಗೆ ತೀರ ಅನುಕೂಲವಾಗಿಯೋ ಪ್ರತಿಕೂಲವಾಗಿಯೋ ನಡೆಯಲು ಗಟ್ಟಿ ಮನಸ್ಸು ಮಾಡಿದವರಿಗೆ ಮಾತ್ರ ಅನ್ವಯಿಸುತ್ತದೆ ಎಂದು ಅವರ ನಿರ್ವಾಹ.

ಮಧ್ವರಲ್ಲಿ ಕರ್ಮಕ್ಕೂ ಸ್ವಂತ ಬಲವಿಲ್ಲ. ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ, ಎಲ್ಲ ಇರುವುದು ಅವನ ಅನುಗ್ರಹದಿಂದ ಎಂಬ ಭಾಗವತದ ಮಾತು ದ್ವೈತಿಗಳ ನಾಲಗೆಯ ತುದಿಯಲ್ಲಿರುತ್ತದೆ. ಆದ್ದರಿಂದ ‘ಕರ್ಮ ನೋಡಿ ಮಾಡುತ್ತಾನೆ’ ಅಂದರೆ ದೇವರಿಗೆ ಪಾರತಂತ್ರ್ಯ ಬರುವುದಿಲ್ಲ. ಯಾವುದನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದಾನೋ ಅದೂ ಅವನ ಅಧೀನ. ತಾರತಮ್ಯಕ್ಕೆ ಬೇರು ಕರ್ಮಕ್ಕೂ ಕೆಳಗೆ, ಜೀವರ ಅನಾದಿ ಸ್ವರೂಪಯೋಗ್ಯತೆಯಲ್ಲಿ (ಸಹಜ ಅರ್ಹತೆಯಲ್ಲಿ). ಕಲ್ಲುಬಾಳೆಯವರು ‘ಮೀರಬಲ್ಲ ಆದರೆ ಮೀರುವುದಿಲ್ಲ’ ಅಂದದ್ದನ್ನು ಮಧ್ವಸಿದ್ಧಾಂತ ತಲೆ ತಗ್ಗಿಸದೆ ಒಪ್ಪುತ್ತದೆ. ಪ್ರಾಮಾಣಿಕತೆಯಲ್ಲಿ ಇದು ಮೇಲು ಎಂದು ನನ್ನ ಎಣಿಕೆ. ತಮೋಯೋಗ್ಯರ (ಸ್ವಭಾವದಿಂದಲೇ ಶಾಶ್ವತ ಅಂಧಕಾರಕ್ಕೆ ಹೋಗುವವರೆಂದು ಎಣಿಸಿದವರ) ಗತಿ ಏನು ಎಂಬ ಪ್ರಶ್ನೆ ಇಲ್ಲಿ ಇನ್ನೂ ಚೂಪಾಗುತ್ತದೆ, ಅದನ್ನು ಬಚ್ಚಿಡುವುದಿಲ್ಲ.

ಹಿಟ್ಟಿನಕೋಳಿ:
ರಾಷ್ಟ್ರಕೂಟರ ರಾಜಧಾನಿ ಮಳಖೇಡದ ಜೈನರ ಮಾತು ಯಾರೂ ಎತ್ತಲಿಲ್ಲ. ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಜಿನಸೇನರು ಸಂಸ್ಕೃತ ಆದಿಪುರಾಣದ 4ನೇ ಪರ್ವದಲ್ಲಿ ಸೃಷ್ಟಿಕರ್ತನ ವಾದವನ್ನು ಸಾಲಾಗಿ ಒಡೆಯುತ್ತಾರೆ. ಜಗತ್ತನ್ನು ಮಾಡುವ ಮುಂಚೆ ಅವನು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಕೃತಕೃತ್ಯನಾಗಿದ್ದರೆ ಮಾಡುವ ಬಯಕೆ ಯಾಕೆ ಹುಟ್ಟಿತು? ಆಟಕ್ಕೆ ಅಂದರೆ ಹುಡುಗಾಟಿಕೆ, ಕರುಣೆಯಿಂದ ಅಂದರೆ ಈ ದುಃಖ ಯಾಕೆ, ಕರ್ಮಕ್ಕನುಗುಣವಾಗಿ ಅಂದರೆ ಅವನು ಸ್ವತಂತ್ರನಲ್ಲ. ಕರ್ಮವೇ ಸಾಕಾಗಿರುವಾಗ ಒಬ್ಬ ಗುಮಾಸ್ತ ಯಾಕೆ ಎಂಬುದು ಜೈನರ ಒಟ್ಟು ನಿಲುವು. ಕರ್ಮವೂ ಅವರಿಗೆ ತೀರ್ಪಲ್ಲ. ಜೀವಕ್ಕೆ ಅಂಟುವ ಸೂಕ್ಷ್ಮ ಪುದ್ಗಲ (ಜಡದ್ರವ್ಯ), ಎಣ್ಣೆ ಮೈಗೆ ಧೂಳು ಹತ್ತುವ ಹಾಗೆ. ಧೂಳಿನ ಮೇಲೆ ಯಾರೂ ದಾವೆ ಹೂಡುವುದಿಲ್ಲ.

ಹಾಗೆಂದು ಅಲ್ಲಿ ಎಲ್ಲ ಸುಸೂತ್ರ ಅನ್ನಬೇಡಿ. ಜನ್ನನ ಯಶೋಧರ ಚರಿತೆ (1209) ನೋಡಿ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದಕ್ಕೆ ಯಶೋಧರನೂ ತಾಯಿ ಚಂದ್ರಮತಿಯೂ ನವಿಲು, ನಾಯಿ ಎಂದು ಶುರುವಾಗಿ ಜನ್ಮಜನ್ಮ ಪ್ರಾಣಿಗಳಾಗಿ ಸಾಯುತ್ತಾರೆ. ಕೊಂದದ್ದು ಹಿಟ್ಟನ್ನು, ಆದರೆ ಕೊಲ್ಲುವ ಸಂಕಲ್ಪ ನಿಜದ್ದು ಎಂದು ಸಮರ್ಥನೆ. ಒಪ್ಪಿದರೂ ಪ್ರಮಾಣದ ಪ್ರಶ್ನೆ ಉಳಿಯುತ್ತದೆ: ಇಷ್ಟು ತಪ್ಪಿಗೆ ಅಷ್ಟು ಶಿಕ್ಷೆಯೇ? ದೇವರಿಲ್ಲದ ಮತದಲ್ಲಿ ಈ ಪ್ರಶ್ನೆಯನ್ನು ಕೇಳುವುದಕ್ಕೂ ಆಸಾಮಿ ಇಲ್ಲ, ಅಷ್ಟೇ ವ್ಯತ್ಯಾಸ.

ಹನಿಗಡಲು:
ಪ್ರಮಾಣದ ಪ್ರಶ್ನೆ ಎತ್ತಿದ್ದು ಒಳ್ಳೆಯದಾಯಿತು. ಅದನ್ನು ಮಹಾಭಾರತ ಯಮನ ಮುಖಕ್ಕೇ ಎಸೆದಿದೆ. ಆದಿಪರ್ವದ ಮಾಂಡವ್ಯ. ಮೌನವ್ರತದಲ್ಲಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಮಾಲು ಬಚ್ಚಿಟ್ಟರು, ರಾಜಭಟರು ಅವನನ್ನೂ ಶೂಲಕ್ಕೇರಿಸಿದರು. ಅವನು ಸಾಯಲಿಲ್ಲ; ಶೂಲದ ತುಂಡು ಮೈಯಲ್ಲೇ ಉಳಿದು ಅಣಿಮಾಂಡವ್ಯನಾದ. ಆಮೇಲೆ ಯಮಧರ್ಮನ ಬಳಿ ಹೋಗಿ ‘ನಾನು ಏನು ಮಾಡಿದ್ದೆ?’ ಎಂದು ಕೇಳಿದ. ಬಾಲ್ಯದಲ್ಲಿ ಹಾರುವ ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆ ಎಂದು ಉತ್ತರ. ಮಾಂಡವ್ಯ ತಲೆಬಾಗಲಿಲ್ಲ. ಸಣ್ಣ ಅಪರಾಧಕ್ಕೆ ದೊಡ್ಡ ದಂಡ ಕೊಟ್ಟೆ ಎಂದು ತೀರ್ಪು ಕೊಟ್ಟವನಿಗೇ ಶಾಪ ಹಾಕಿದ, ಧರ್ಮ ಶೂದ್ರಯೋನಿಯಲ್ಲಿ ಹುಟ್ಟಿ ವಿದುರನಾಗಬೇಕಾಯಿತು. ಆ ಶಾಪದಲ್ಲಿರುವ ಜಾತಿಯ ಲೆಕ್ಕಾಚಾರ ಬೇರೆ ಜಗಳ, ಅದನ್ನು ಹಾಗೇ ನುಂಗಬೇಕಿಲ್ಲ. ಇಲ್ಲಿಗೆ ಬೇಕಾದ್ದು ಮಾಂಡವ್ಯ ಹಾಕಿದ ಮಿತಿ: ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾತಕವಲ್ಲ.

ಗಮನಿಸಿ, ಕರ್ಮ ಇಲ್ಲ ಎಂದು ಕಥೆ ಹೇಳುವುದಿಲ್ಲ. ಕರ್ಮದ ಲೆಕ್ಕ ತಪ್ಪಬಹುದು, ತಪ್ಪಿದರೆ ಲೆಕ್ಕಿಗನೂ ಹೊಣೆ ಅನ್ನುತ್ತದೆ. ಸೂತ್ರದ ವೈಷಮ್ಯ, ನೈರ್ಘೃಣ್ಯ ಎರಡರ ಪಕ್ಕದಲ್ಲಿ ಇದು ಮೂರನೇ ಆರೋಪ, ಅತಿದಂಡ. ಭಾಷ್ಯಗಳ ಚರ್ಚೆ ಇದನ್ನು ಮುಟ್ಟದೆ ದಾಟಿಬಿಡುತ್ತದೆ ಎಂಬುದು ನನ್ನ ತಕರಾರು.

ಭಾಷ್ಯದಬೆನ್ನಿಗೆ:
ಮಾಂಡವ್ಯನ ಮಿತಿ ಈ ಜನ್ಮದ ಬಾಲ್ಯಕ್ಕೆ ಮಾತ್ರ. ಎರಡು ತಿಂಗಳ ಕೂಸಿನ ವಿಷಯದಲ್ಲಿ ಎಲ್ಲರೂ ಹೇಳುವುದು ಹಿಂದಿನ ಜನ್ಮವನ್ನು. ಅದು ಅಲ್ಲಿಗೆ ತಾಗುವುದಿಲ್ಲ.

ಹನಿಗಡಲು:
ತಾಗುತ್ತದೆ. ಮಗುವಿಗೆ ತಾನು ಮಾಡುವುದರ ಅರಿವಿಲ್ಲ ಎಂಬುದೇ ಮಿತಿಗೆ ಆಧಾರ ಅಂತಿಟ್ಟುಕೊಂಡರೆ, ತಾನು ಮಾಡಿದ್ದರ ನೆನಪೇ ಇಲ್ಲದವರಿಗೆ ದಂಡ ಹೇಗೆ? ಆರೋಪಪತ್ರ ಓದಿ ಹೇಳದೆ ಶಿಕ್ಷೆ ಜಾರಿ ಮಾಡಿದ ಹಾಗಾಯಿತು. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ‘ಹುಟ್ಟಿದ ಕೂಸಿಗೆ ಹರ್ಷ, ಭಯ, ಶೋಕ ಇದೆ, ಯಾರೂ ಕಲಿಸದೆ ಮೊಲೆ ಹುಡುಕುತ್ತದೆ, ಆದ್ದರಿಂದ ಹಿಂದಿನ ಅಭ್ಯಾಸ ಇದೆ’ ಎಂದು ನ್ಯಾಯಸೂತ್ರದ ಮೂರನೇ ಅಧ್ಯಾಯದಲ್ಲಿ ವಾದಿಸುತ್ತಾರೆ. ಅದರಿಂದ ಪೂರ್ವಜನ್ಮ ಸಿದ್ಧವಾಯಿತು ಅಂತಲೇ ಇಟ್ಟುಕೊಳ್ಳಿ. ಮೊಲೆ ಹುಡುಕುವ ಸಂಸ್ಕಾರ ಉಳಿದದ್ದಕ್ಕೂ ತಪ್ಪಿನ ಅರಿವು ಉಳಿದದ್ದಕ್ಕೂ ಅಂತರ ಇದೆ.

ನಾಡಿಪರೀಕ್ಷೆ:
ಎಲ್ಲರೂ ‘ನೋವೆಲ್ಲ ಕರ್ಮದ್ದು’ ಎಂದು ಹಿಡಿದೇ ವಾದಿಸುತ್ತಿದ್ದೀರಿ. ಹಳಬರೆಲ್ಲ ಹಾಗೆ ಹಿಡಿದಿರಲಿಲ್ಲ. ಪಾಲಿ ಬೌದ್ಧಗ್ರಂಥ ಸಂಯುತ್ತನಿಕಾಯದ ಮೋಳಿಯಸೀವಕ ಸುತ್ತದಲ್ಲಿ ಬುದ್ಧ ವೇದನೆಗೆ ಎಂಟು ಕಾರಣ ಕೊಡುತ್ತಾನೆ. ಪಿತ್ತ, ಕಫ, ವಾತ, ಮೂರರ ಸನ್ನಿಪಾತ, ಋತುವಿನ ಬದಲಾವಣೆ, ವಿಷಮವಾದ ಆರೈಕೆ, ಹೊರಗಿನ ಆಘಾತ, ಕೊನೆಗೆ ಕರ್ಮವಿಪಾಕ. ಎಂಟರಲ್ಲಿ ಒಂದು! ಎಲ್ಲವೂ ಹಿಂದೆ ಮಾಡಿದ್ದರಿಂದಲೇ ಅನ್ನುವವರು ತಮಗೇ ಗೊತ್ತಿರುವುದನ್ನೂ ಲೋಕ ಒಪ್ಪಿರುವುದನ್ನೂ ಮೀರಿ ಓಡುತ್ತಾರೆ ಎಂಬುದು ಅಲ್ಲಿಯ ಮಾತು.

ಆಯುರ್ವೇದದ ಚರಕಸಂಹಿತೆಯಲ್ಲಿ ವಿಮಾನಸ್ಥಾನ ಎಂಬ ಭಾಗದ 3ನೇ ಅಧ್ಯಾಯ ಜನಪದೋಧ್ವಂಸ, ಅಂದರೆ ಊರಿಗೆ ಊರೇ ಸಾಯುವುದು. ಪಾಂಚಾಲದ ಕಾಂಪಿಲ್ಯದಲ್ಲಿ ಶಿಷ್ಯ ಅಗ್ನಿವೇಶ ಕೇಳುವ ಪ್ರಶ್ನೆ ಬಹಳ ನಿಖರ: ಪ್ರಕೃತಿ, ಆಹಾರ, ಬಲ, ಸಾತ್ಮ್ಯ (ಮೈಗೆ ಒಗ್ಗಿದ್ದು), ವಯಸ್ಸು ಬೇರೆ ಬೇರೆ ಇರುವವರು ಒಂದೇ ಹೊತ್ತಿಗೆ ಒಂದೇ ರೋಗಕ್ಕೆ ಹೇಗೆ ಸಾಯುತ್ತಾರೆ? ಗುರು ಆತ್ರೇಯನ ಉತ್ತರ ವಾಯು, ಜಲ, ದೇಶ, ಕಾಲ. ಕೆಟ್ಟ ಗಾಳಿಯಿಂದ ತಪ್ಪಿಸಿಕೊಳ್ಳುವುದಕ್ಕಿಂತ ಕೆಟ್ಟ ನೀರಿನಿಂದ ಕಷ್ಟ, ಅದಕ್ಕಿಂತ ನೆಲ, ಅದಕ್ಕಿಂತ ಕಾಲ. ಇದರ ಬೇರು ಅಧರ್ಮ ಎಂದೂ ಹೇಳುತ್ತಾನೆ. ಆದರೆ ಸತ್ತವನೊಬ್ಬನ ಹಿಂದಿನ ಜನ್ಮದತ್ತ ಬೊಟ್ಟು ಮಾಡುವುದಿಲ್ಲ. ದೇಶ, ನಗರಗಳ ಮುಖ್ಯಸ್ಥರು ಧರ್ಮ ಮೀರಿದಾಗ ಅವರ ಕೈಕೆಳಗಿನವರು ಅದನ್ನು ಹೆಚ್ಚಿಸುತ್ತಾರೆ ಅನ್ನುತ್ತಾನೆ. ಅಂದರೆ ಅಧಿಕಾರದಲ್ಲಿದ್ದವರ ತಪ್ಪು ಕೆಳಗಿನವರ ಮೇಲೆ ಬಿತ್ತು.

ಆಯುಷ್ಯ ನಿಗದಿಯೋ ಅಲ್ಲವೋ ಎಂಬುದಕ್ಕೆ ಅದೇ ಅಧ್ಯಾಯದಲ್ಲಿ ಗಾಡಿಯ ಅಚ್ಚಿನ ದೃಷ್ಟಾಂತ ಬರುತ್ತದೆ. ಒಳ್ಳೆಯ ಅಚ್ಚು ಸರಿಯಾಗಿ ಬಳಸಿದರೆ ಸವೆದು ತನ್ನ ಕಾಲಕ್ಕೆ ಮುಗಿಯುತ್ತದೆ. ಅದೇ ಅಚ್ಚು ಅತಿಭಾರ, ಹಳ್ಳದಿಣ್ಣೆಯ ದಾರಿ, ದಾರಿಯಲ್ಲದ ದಾರಿ, ಚಕ್ರ ಮುರಿಯುವುದು, ಎತ್ತಿನ ಅಥವಾ ಹೊಡೆಯುವವನ ದೋಷ, ಕಡಾಣಿ ಕಳಚುವುದು, ಕೀಲೆಣ್ಣೆ ಇಲ್ಲದಿರುವುದು, ಮಗುಚುವುದು, ಇವುಗಳಿಂದ ನಡುದಾರಿಯಲ್ಲೇ ಮುರಿಯುತ್ತದೆ. ಎಲ್ಲ ವಿಧಿಲಿಖಿತವಾದರೆ ಮದವೇರಿದ ಆನೆ ಕಂಡು ಯಾಕೆ ಓಡುತ್ತೀರಿ, ಔಷಧ ಯಾಕೆ ಎಂದು ಕೇಳಿ ಮುಂದೆ ಹೋಗುತ್ತಾನೆ. ಕೂಸಿನ ಕ್ಯಾನ್ಸರಿಗೆ ಚಿಕಿತ್ಸೆ ಮಾಡುವವನಿಗೆ ಈ ಅಧ್ಯಾಯದ ಅಡ್ಡಿ ಇಲ್ಲ.

ಅರೆಓದು:
ಹಾಗಾದರೆ ಭೂಕಂಪ, ಪ್ರವಾಹ ಬಂದಾಗ ‘ಪಾಪದ ಫಲ’ ಅನ್ನುವುದಕ್ಕೆ ಶಾಸ್ತ್ರದ ಬೆಂಬಲ ಎಷ್ಟು?

ಕಲ್ಲುಬಾಳೆ:
ಬಿಹಾರದ ಪ್ರಸಂಗ ಸಾಕು. 1934ರ ಜನವರಿ 15ರಂದು ಭೂಕಂಪ, ಉತ್ತರ ಬಿಹಾರ ಮತ್ತು ನೇಪಾಳ ನೆಲಸಮ. ಅಸ್ಪೃಶ್ಯತೆಯ ವಿರುದ್ಧದ ಹರಿಜನ ಪ್ರವಾಸದಲ್ಲಿದ್ದ ಗಾಂಧೀಜಿ ತಿರುನೆಲ್ವೇಲಿಯಲ್ಲಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರ ದಂಡನೆ ಎಂದರು. ಅಸ್ಪೃಶ್ಯತೆಯ ವಿರುದ್ಧ ಅವರ ಜೊತೆಗೇ ನಿಂತಿದ್ದ ಟಾಗೋರರು ಒಪ್ಪಲಿಲ್ಲ. ಅವರ ಉತ್ತರವನ್ನು ಗಾಂಧೀಜಿಯೇ ಫೆಬ್ರವರಿ 16ರ ‘ಹರಿಜನ’ ಪತ್ರಿಕೆಯಲ್ಲಿ ತಮ್ಮ ಮಾರುತ್ತರದೊಂದಿಗೆ ಅಚ್ಚು ಹಾಕಿದರು. ಟಾಗೋರರದು ಎರಡು ಏಟು: ಭೌತಿಕ ಅನಾಹುತಕ್ಕೆ ಭೌತಿಕ ಸಂಗತಿಗಳೇ ಕಾರಣ ಎಂಬುದು ಒಂದು. ಎರಡನೆಯದು ಇನ್ನೂ ಹರಿತ. ಈ ಬಗೆಯ ವಾದ ಗಾಂಧೀಜಿಯ ವಿರೋಧಿಗಳ ಮನೋಧರ್ಮಕ್ಕೇ ಚೆನ್ನಾಗಿ ಒಗ್ಗುತ್ತದೆ, ಅವರು ಗಾಂಧೀಜಿಯ ಚಳವಳಿಯೇ ಕಂಪನಕ್ಕೆ ಕಾರಣ ಎಂದರೂ ಆಶ್ಚರ್ಯವಿಲ್ಲ. ಗಾಂಧೀಜಿ ಆ ಸಂಬಂಧವನ್ನು ಸಾಧಿಸಿ ತೋರಿಸಲಾರೆ, ಆದರೆ ತಮಗೆ ಒಳಗಿಂದ ಹಾಗನ್ನಿಸುತ್ತದೆ ಎಂದು ಬರೆದರು.

ಯಾವ ಪಾಪಕ್ಕೆ ಯಾವ ಫಲ ಎಂದು ಬಿಡಿ ಘಟನೆಗೆ ಅಂಟಿಸಲು ಹೊರಟರೆ ಅಂಟು ಯಾರ ಕೈಗಾದರೂ ಸಿಗುತ್ತದೆ. ಅಲ್ಲಿ ಸತ್ತವರಲ್ಲಿ ಅಸ್ಪೃಶ್ಯರೆನಿಸಿಕೊಂಡವರೂ ಇದ್ದರಲ್ಲ?

ಕೃಷ್ಣಾತೀರ:
ಇದು ಕರ್ಮವಾದದ ದೋಷವಲ್ಲ, ದುರ್ಬಳಕೆ. 2.1.34 ಉತ್ತರಿಸುವುದು ‘ದೇವರು ಪಕ್ಷಪಾತಿಯೇ?’ ಎಂಬ ಒಂದೇ ಪ್ರಶ್ನೆಗೆ. ‘ಈ ಕೂಸು ಯಾಕೆ?’ ಎಂಬುದಕ್ಕಲ್ಲ. ಅದರ ಉತ್ತರ ತಿಳಿದವರಂತೆ ಮಾತಾಡಲು ಸರ್ವಜ್ಞತ್ವ ಬೇಕು, ಅದು ಸೂತ್ರ ಓದಿದವರಿಗೆ ಬರುವುದಿಲ್ಲ. ಬೈಬಲಿನ ಯೋಬನ ಗ್ರಂಥದಲ್ಲೂ ‘ನೀನು ತಪ್ಪು ಮಾಡಿರಲೇಬೇಕು’ ಎಂದು ಅಧ್ಯಾಯಗಟ್ಟಲೆ ವಾದಿಸಿದ ಮೂವರು ಗೆಳೆಯರನ್ನು 42ನೇ ಅಧ್ಯಾಯದಲ್ಲಿ ದೇವರೇ ಗದರುತ್ತಾನೆ. ತನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬನು, ಅವರಲ್ಲ ಎಂದು. ದೇವರ ಪರ ವಕಾಲತ್ತು ಹಾಕಿದವರಿಗೆ ಸಿಕ್ಕ ಸಂಭಾವನೆ ಅದು.

ಹನಿಗಡಲು:
ವನಪರ್ವದಲ್ಲೂ ಅದೇ ನೆಲೆ. ದ್ರೌಪದಿಯ ಮಾತು ಯಾವ ಪೂರ್ವಪಕ್ಷಕ್ಕೂ ಕಡಿಮೆಯಿಲ್ಲ. ಧಾತ ಪ್ರಾಣಿಗಳನ್ನು ತಂದೆತಾಯಿಯಂತೆ ನೋಡುವುದಿಲ್ಲ, ಸಿಟ್ಟು ಬಂದವನಂತೆ ನಡೆದುಕೊಳ್ಳುತ್ತಾನೆ, ಮಗು ಆಟಿಕೆಯೊಡನೆ ಆಡಿದಂತೆ ಆಡುತ್ತಾನೆ. ಕೊನೆಗೆ ಇಕ್ಕಳ ಹಾಕುತ್ತಾಳೆ: ಮಾಡಿದ ಕರ್ಮ ಮಾಡಿದವನನ್ನೇ ಹಿಂಬಾಲಿಸುವುದಾದರೆ ಮಾಡಿಸಿದ ಈಶ್ವರನಿಗೂ ಆ ಪಾಪ ಅಂಟಬೇಕು, ಅಂಟುವುದಿಲ್ಲವಾದರೆ ಇಲ್ಲಿ ಬಲವೇ ಕಾರಣ, ದುರ್ಬಲರಿಗಾಗಿ ನಾನು ಮರುಗುತ್ತೇನೆ. ಕೌಷೀತಕಿಯ ಸಿಕ್ಕು ಇದೇ ಅಲ್ಲವೇ?

ಯುಧಿಷ್ಠಿರ ‘ಸೊಗಸಾಗಿ ಹೇಳಿದೆ, ಆದರೆ ಇದು ನಾಸ್ತಿಕ್ಯ’ ಅನ್ನುತ್ತಾನೆ. ಪುಣ್ಯಪಾಪಗಳ ಫಲ ಹೇಗೆ ಹುಟ್ಟುತ್ತದೆ ಎಂಬುದು ದೇವಗುಹ್ಯ (ದೇವತೆಗಳ ಗುಟ್ಟು) ಎಂದೂ ಹೇಳುತ್ತಾನೆ. ಅವಳ ಇಕ್ಕಳವನ್ನು ಬಿಡಿಸುವುದಿಲ್ಲ. ಗುಹ್ಯ ಅಂದ ಮೇಲೆ ಯಾರ ಮನೆಯ ಸಾವಿಗೂ ಕಾರಣ ಹೇಳುವ ಹಕ್ಕು ಯಾರಿಗೂ ಉಳಿಯಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ಭಾಷ್ಯದಬೆನ್ನಿಗೆ:
ಅನುಶಾಸನಪರ್ವದ ಮೊದಲ ಅಧ್ಯಾಯ ನಿಮ್ಮ ಓದಿಗೆ ಎದುರಾಗುತ್ತದೆ. ಗೌತಮಿಯ ಮಗ ಹಾವು ಕಚ್ಚಿ ಸಾಯುತ್ತಾನೆ. ಹಾವು ಮೃತ್ಯುವಿನತ್ತ, ಮೃತ್ಯು ಕಾಲನತ್ತ ಬೊಟ್ಟು ಮಾಡುತ್ತಾರೆ. ಕಾಲ ಬಂದು, ನಾವು ಯಾರೂ ಕಾರಣರಲ್ಲ, ಹುಡುಗನ ಕರ್ಮವೇ ಅನ್ನುತ್ತಾನೆ. ಅಲ್ಲಿ ಗುಹ್ಯ ಏನೂ ಇಲ್ಲ.

ಹನಿಗಡಲು:
ಯಾವ ಕರ್ಮ ಎಂದು ಕಾಲ ಹೇಳಿದನೇ? ಹುಡುಕಿ ನೋಡಿ, ಹೇಳಿಲ್ಲ. ಹಾವನ್ನು ಹಗ್ಗದಲ್ಲಿ ಕಟ್ಟಿ ತಂದ ಬೇಡ ಅರ್ಜುನಕ ‘ಸುಡಲೇ, ಕಡಿಯಲೇ?’ ಎಂದು ಕೇಳಿದಾಗ ಗೌತಮಿ ಬಿಡು ಅಂದದ್ದು ಕಾಲ ಬರುವುದಕ್ಕೂ ಮುಂಚೆ. ಇದನ್ನು ಕೊಂದರೆ ನನ್ನ ಮಗ ಬದುಕಿ ಬರುವುದಿಲ್ಲ ಎಂಬುದು ಅವಳ ಕಾರಣ. ಆ ಮಾತಿಗೆ ಕರ್ಮಸಿದ್ಧಾಂತ ಬೇಕಾಗಿರಲಿಲ್ಲ.

ಕೃಷ್ಣಾತೀರ:
ಅರೆಓದು ಅವರಿಗೆ ಒಂದು ಸಣ್ಣ ಸೂಚನೆ. ಶ್ರೀಭಾಷ್ಯ (ರಾಮಾನುಜರ ಬ್ರಹ್ಮಸೂತ್ರಭಾಷ್ಯ) ತೆರೆದಾಗ ಮೇಲೆ ಹೇಳಿದ 36 ಕಾಣೆಯಾಗಿದೆ ಎಂದು ಗಾಬರಿಯಾಗಬೇಡಿ. ರಾಮಾನುಜರು 35, 36 ಎರಡನ್ನೂ ಒಂದೇ ಸೂತ್ರವಾಗಿ ಓದುತ್ತಾರೆ. ಸಂಖ್ಯೆಗಿಂತ ಸೂತ್ರದ ಮೊದಲ ಪದ ಹಿಡಿದು ಹುಡುಕಿ.